ನಡುವಿನ ಪೆಟ್ಟಿಗೆಯ ಕೆಂಪು ಟಿಕಳಿ

ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಕಷ್ಟದ ಮಾತೇನೂ ಅಲ್ಲ. "ಕಸ್ತೂರಿ, ಆ ಕೆಂಪು ಟಿಕಳಿ ಇರಬೇಕಾದ್ದು ಅಲ್ಲಲ್ಲ" ಎಂದಿದ್ದರೆ ಮುಗಿದಿತ್ತು. ಆಗ ನಾನು ದೊಡ್ಡ ಮನೆಯೊಂದರ ನಡುಹಾಲಿನ ಬಾಗಿಲಲ್ಲಿ ಕೇಕಿನ ಖಾಲಿ ರಟ್ಟಿನ ಡಬ್ಬಿ ಎದೆಗವಚಿಕೊಂಡು ನಿಂತಿದ್ದೆ. ಒಳಗೆ ನನ್ನ ತಂಗಿ ಮೊಣಕಾಲೂರಿ ತಂತಿಗಳ ಮುಂದೆ ಕೂತಿದ್ದಳು.  ತಪ್ಪು ಎಲ್ಲಿದೆ ಎಂದು ಆ ಇಡೀ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಇಪ್ಪತ್ತನಾಲ್ಕು ವರ್ಷವಾಯಿತು. ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಹೋದ ವಾರ ಕನ್ನಡಿ ಒರೆಸುವಾಗ ಒಂದು ಹಳೆಯ ಟಿಕಳಿ ನನ್ನ ಬೆರಳಿಗೆ ಅಂಟಿಕೊಂಡಿತು. ಕೊಡವಿದರೆ ಬೀಳಲಿಲ್ಲ. ಈ ಬೆರಳಿನಿಂದ ಆ ಬೆರಳಿಗೆ, ಆ ಬೆರಳಿನಿಂದ ಈ ಬೆರಳಿಗೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗಂಡನ ಊರು ಸಾವರ್ಡೆಯಿಂದ ಕಸ್ತೂರಿ.

"ಅಕ್ಕಾ, ಬಸರಿ ಮಗಳ ಕುಬಸ ಇಟಗೊಂಡೇವಿ. ಹಸರ ಬಳಿ ತರಬೇಕು, ನಾಳೆ ನೀ ಬರಬೇಕ ನೋಡು."

"ಬಳಿ ತರಾಕ ನಾ ಯಾಕವಾ? ನಿಮ್ಮೂರಾಗ ಬಳಿಗಾರ ಇಲ್ಲೇನ?"

"ಬಳಿಗಾರ ಅದಾನ. ನನ್ನ ಕಣ್ಣಿನ ಹಣೆಬಾರ ನಿನಗ ಗೊತ್ತ ಐತೆಲ್ಲ. ಹಸರ ಅಂತ ಬ್ಯಾರೇನರ ತಂದ್ರ ಬೀಗ್ತಿ ನಗತಾಳ."

ಫೋನು ಇಟ್ಟೆ. ಟಿಕಳಿ ಇನ್ನೂ ಬೆರಳಿನ ಮೇಲೇ ಇತ್ತು.

ಹಣೆಗೆ ಅಂಟಿಸಿಕೊಳ್ಳುವ ಬಿಂದಿಯನ್ನು ನಮ್ಮ ಕಡೆ ಟಿಕಳಿ ಎನ್ನುತ್ತೇವೆ. ಮಲಗುವ ಮುಂಚೆ ಕಿತ್ತು ಕನ್ನಡಿಯ ಅಂಚಿಗೆ ಅಂಟಿಸುವುದು, ಬೆಳಿಗ್ಗೆ ಎದ್ದು ಅದನ್ನೇ ಮತ್ತೆ ಹಣೆಗೆ ಹಚ್ಚುವುದು, ಹೀಗೆ ಅಂಟು ಸಾಯುವ ತನಕ. ನಿಮ್ಮ ಮನೆಯ ಕನ್ನಡಿಯ ಅಂಚನ್ನೂ ಒಮ್ಮೆ ನೋಡಿ, ಒಂದೆರಡಾದರೂ ಇದ್ದೇ ಇರುತ್ತವೆ. ನಾನು ಕೋಲ್ವಾ ಸಮುದ್ರದ ದಂಡೆಯಲ್ಲಿ ಗೆಜ್ಜೆ, ಮಣಿಸರ, ಕನ್ನಡಿ ಹೊಲಿದ ಚೀಲಗಳ ಜೊತೆ ಟಿಕಳಿಯ ಪಾಕೀಟನ್ನೂ ಮಾರುತ್ತಿದ್ದೆ. ಫಾರಿನ್ ಹೆಂಗಸರು ಅದನ್ನು ಹೊಕ್ಕಳಿಗೆ, ಭುಜಕ್ಕೆ ಅಂಟಿಸಿಕೊಳ್ಳುತ್ತಿದ್ದರು. ಒಬ್ಬ ಅಜ್ಜ ಬೋಳು ತಲೆಯ ನಟ್ಟನಡುವೆ ಅಂಟಿಸಿಕೊಂಡು ದಂಡೆಯುದ್ದಕ್ಕೂ ಸಾಹೇಬನ ಹಾಗೆ ನಡೆದ. ಎಂಥೆಂಥ ಜಾಗದಲ್ಲಿ ಟಿಕಳಿ ನೋಡಿದ್ದೇನೆ. ಆದರೆ ನನ್ನ ತಂಗಿ ಅಂಟಿಸಿದ ಜಾಗದಲ್ಲಿ ಬೇರೆ ಯಾರೂ ಅಂಟಿಸಿರಲಿಕ್ಕಿಲ್ಲ.

ಅವಳ ಬಗ್ಗೆ ಹೇಳುವ ಮೊದಲು ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಹೇಳಬೇಕು. ಅದು ಕಸ್ತೂರಿಯಷ್ಟೇ ವಯಸ್ಸಿನದು. ಇಂಡಿ ಕಡೆಯ ಹಳ್ಳಿಯಿಂದ ನಾವು ಗೋವಾಕ್ಕೆ ಬಂದಾಗ ಅವಳು ನನ್ನ ಸೊಂಟದ ಮೇಲಿದ್ದಳು. ಅಪ್ಪ ಗೌಂಡಿ ಕೆಲಸಕ್ಕೆ, ಅವ್ವ ಅವನ ಹಿಂದೆ ಸಿಮೆಂಟಿನ ಬುಟ್ಟಿ ಹೊರಲು. ಕೂಸನ್ನು ಎತ್ತಿಕೊಳ್ಳುವವರು ಬೇಕಿತ್ತು, ನಾಲ್ಕನೆಯ ಇಯತ್ತೆಗೆ ನನ್ನ ಶಾಲೆ ಮುಗಿಯಿತು. ನಾನು ಎತ್ತಿ ಆಡಿಸಿದ ಕೂಸು ಮುಂದೆ ಹತ್ತನೆಯ ತನಕ ಓದಿತು. ಒಮ್ಮೆ ಅವಳಿಗೆ ಜ್ವರ ಬಂದು ಅವ್ವ ಕೆಲಸ ಬಿಟ್ಟು ಹಣೆಯ ಮೇಲೆ ತಣ್ಣೀರು ಬಟ್ಟೆ ಹಾಕುತ್ತ ಕೂತಾಗ ನನಗೆ ಆ ಜ್ವರದ ಮೇಲೂ ಆಸೆಯಾಗಿತ್ತು. ನಗಬೇಡಿ. ಮರುದಿನ ಬೇಕೆಂದೇ ತಲೆಗೆ ನೀರು ಹಾಕಿಕೊಂಡು ಗಾಳಿಗೆ ಕೂತೆ. ಒಂದು ಸೀನೂ ಬರಲಿಲ್ಲ. ನನ್ನ ದೇಹ ಆಗಲೂ ಗಟ್ಟಿ, ಈಗಲೂ ಗಟ್ಟಿ.

ಅಪ್ಪನ ಹತ್ತಿರ ಒಂದು ರೇಡಿಯೋ ಇತ್ತು. ಅದು ಸತ್ತು ಎಷ್ಟೋ ದಿನವಾಗಿತ್ತು. ಒಂದು ಸಂಜೆ ಕಸ್ತೂರಿ ಅದನ್ನು ಬಿಚ್ಚಿ, ಹಲ್ಲುಜ್ಜುವ ಬ್ರಶ್ಶಿನಿಂದ ಸಮುದ್ರದ ಗಾಳಿಗೆ ಒಳಗೆ ಕಟ್ಟಿದ್ದ ಉಪ್ಪು ಕೆರೆದು, ಬಿಟ್ಟುಹೋದ ಎಳೆಯನ್ನು ತಿರುಚಿ ಕೂಡಿಸಿದಳು. ಅದು ಹಾಡಿತು. ಅಪ್ಪ ನಾವಿದ್ದ ಶೆಡ್ಡಿನ ಹೊರಗೆ ನಿಂತು ಆ ಸಾಲಿನ ಮನೆಯವರನ್ನೆಲ್ಲ ಕರೆದ.

"ನೋಡ್ರಿ ನಮ್ಮ ಕಸ್ತೂರಿನ! ಸತ್ತ ರೇಡಿಯೋದ ಹೊಟ್ಟಿ ಬಿಚ್ಚಿ ಜೀಂವಾ ತುಂಬ್ಯಾಳ!"

ಪಕ್ಕದ ನೀಲವ್ವ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಹೌದೇನ? ಹಂಗಾರ ನಮ್ಮ ಮನಿಯವನ್ನ ಕಳಸ್ತೇನಿ ತಡೀರಿ, ಅವಗೂ ಒಂಚೂರು ತುಂಬ್ಲಿ" ಎಂದಳು. ಎಲ್ಲರೂ ನಕ್ಕರು. ನಾನು ಅಂದು ದಂಡೆಯಲ್ಲಿ ಇಟಲಿಯವಳೊಬ್ಬಳಿಂದ ಅವರ ಭಾಷೆಯಲ್ಲಿ ಗೆಜ್ಜೆಗೆ ಏನೆನ್ನುತ್ತಾರೆಂದು ಕಲಿತು ಬಂದಿದ್ದೆ. ಅಪ್ಪನಿಗೆ ಹೇಳೋಣವೆಂದು ಬಾಯಿ ತೆರೆದೆ. "ನಿಂದು ಆಮ್ಯಾಲೆ ಹೇಳವಾ" ಎಂದ. ಆ ಆಮೇಲೆ ಬರಲಿಲ್ಲ. ಆ ಶಬ್ದವೂ ಈಗ ಮರೆತುಹೋಗಿದೆ.

ಹತ್ತನೆಯದು ಮುಗಿಸಿ ಕಸ್ತೂರಿ ಮಡಗಾಂವಿನ ಟಿವಿ, ಸ್ಪೀಕರ್ ಮಾರುವ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಕೆಲವೇ ತಿಂಗಳಲ್ಲಿ ಕಸಬರಿಗೆ ಕೆಳಗಿಟ್ಟು ಸ್ಕ್ರೂಡ್ರೈವರ್ ಹಿಡಿದಳು. ಮನೆಗೆ ಬಂದು ಊಟ ಮಾಡುತ್ತ ಅದೇ ಮಾತು: ಆಂಪ್ಲಿಫೈಯರ್, ರಿಸೀವರ್, ಸರೌಂಡು. ಅಪ್ಪನಿಗೆ ಅದರ ಗಂಧಗಾಳಿ ಇಲ್ಲ, ಆದರೂ ತುತ್ತು ಕೈಯಲ್ಲಿ ಹಿಡಿದು ಬಾಯಿ ತೆರೆದು ಕೇಳುತ್ತಿದ್ದ. ಸಾರು ಬಡಿಸುತ್ತಿದ್ದವಳು ನಾನು. ಯಾರಿಗೂ ಸಾರಿನ ಕಡೆ ಗಮನವಿಲ್ಲ.

ಮಳೆಗಾಲದಲ್ಲಿ ದಂಡೆಯ ವ್ಯಾಪಾರ ಬಂದ್. ಆಗ ನಾನು ಇನಾಸ್ ಬಾಬ್ ಎಂಬವರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕೋಲ್ವಾದ ಹತ್ತಿರವೇ, ಗಾಜಿನ ಬದಲು ಕಪ್ಪೆಚಿಪ್ಪು ಕೂಡಿಸಿದ ಕಿಟಕಿಗಳ ಹಳೆಯ ಮನೆ. ಅವರ ತಾಯಿಯನ್ನು ಎಲ್ಲರೂ ಮಾಂಯ್ ಎನ್ನುತ್ತಿದ್ದರು. ತಮ್ಮನೊಬ್ಬ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಆ ವರ್ಷ ರಜೆಗೆ ಬಂದ ತಮ್ಮ ಹಾಡು ಕೇಳುವ ಒಂದು ಪ್ಲೇಯರ್ ತಂದ. ಇನಾಸ್ ಬಾಬ್ ಹತ್ತಿರ ಸಿನಿಮಾ ನೋಡುವ ಪ್ಲೇಯರ್ ಆಗಲೇ ಇತ್ತು. ಎರಡೂ ಕೋಣೆಯ ಸುತ್ತ ಇಟ್ಟ ಸ್ಪೀಕರ್ ಪೆಟ್ಟಿಗೆಗಳಿಂದ ಸದ್ದು ಬರುವಂಥವು, ಆದರೆ ಕೂಡಿಸಬೇಕಾದ ರಿಸೀವರ್ ಒಂದೇ. ಯಾರನ್ನು ಕೇಳಿದರೂ ಇನ್ನೊಂದು ರಿಸೀವರ್ ಕೊಳ್ಳಿ ಎಂದರಂತೆ. ಅಣ್ಣ ತಮ್ಮಂದಿರು ಅದರ ಬಗ್ಗೆ ಜಗಳಾಡುವುದು ಅಡಿಗೆಮನೆಗೆ ಕೇಳುತ್ತಿತ್ತು. ನಾನು ಮನೆಗೆ ಬಂದು ನಗುತ್ತ ಹೇಳಿದೆ. ಕಸ್ತೂರಿ ನಗಲಿಲ್ಲ.

"ಇನ್ನೊಂದು ಯಾಕ ಬೇಕಕ್ಕಾ? ರಿಸೀವರ್ ಅಂದ್ರ ಮನಿ ಹಿರಿಯಾ ಇದ್ದಂಗ. ಮನಿಗೆ ಒಬ್ಬ ಸಾಕು. ಪ್ಲೇಯರ್ ಎರಡು, ಒಂದೊಂದಕ್ಕ ಆರಾರು ವಾಯರ್. ಹಿರಿಯಾಗ ಕಿವಿ ಆರ ಅದಾವು. ನಡುವ ಒಂದು ಸ್ವಿಚ್ ಪೆಟ್ಟಿಗಿ ಇಟ್ರ ಆತು. ಗುಂಡಿ ಈ ಕಡೆ ಒತ್ತಿದ್ರ ಇವನ ಮಾತು ಕೇಳ್ತಾನ, ಆ ಕಡೆ ಒತ್ತಿದ್ರ ಅವನ ಮಾತು."

"ಹಂಗಾರ ನೀನ ಬಂದು ಮಾಡು" ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ. ಆ ಮನೆಯವರ ಮುಂದೆ ನನ್ನ ತಂಗಿ ಎಂದು ಹೇಳಿಕೊಳ್ಳುವ ಆಸೆ ನನಗೂ ಇತ್ತು. ಹೊಟ್ಟೆಕಿಚ್ಚು ಇರುವವರಿಗೆ ಹೆಮ್ಮೆ ಇರುವುದಿಲ್ಲ ಎಂದುಕೊಳ್ಳಬೇಡಿ.

ಆದರೆ ಮೊದಲ ದಿನವೇ ಆದದ್ದು ನೋಡಿ. ನಾನು ವರ್ಷಗಟ್ಟಲೆ ಹಿಂದಿನ ಬಾಗಿಲಿನಿಂದ ಹೋಗಿ ಬಂದು ಮಾಡಿದ ಮನೆ ಅದು. ತಂತಿ ಇರುವುದು ಹಾಲಿನಲ್ಲಿ, ಹಾಗಾಗಿ ಕಸ್ತೂರಿಯನ್ನು ಮುಂದಿನ ಬಾಗಿಲಿನಿಂದ ಕರೆದರು. ಕುರ್ಚಿ ಕೊಟ್ಟರು. ಹೂವಿನ ಚಿತ್ರದ ಕಪ್-ಬಸಿಯಲ್ಲಿ ಚಹಾ ಬಂತು. ಆ ಕಪ್ಪನ್ನು ನಾನು ಎಷ್ಟು ಸಲ ತೊಳೆದಿದ್ದೆ, ಒಮ್ಮೆಯೂ ಅದರಲ್ಲಿ ಕುಡಿದಿರಲಿಲ್ಲ. ಅವಳು ಕುಡಿದಿಟ್ಟದ್ದನ್ನೂ ನಾನೇ ತೊಳೆದೆ. ಮಾಂಯ್ ಅವಳ ಗದ್ದ ಹಿಡಿದು, "ಹುಶಾರ್ ಚೆಡುಂ" ಎಂದಳು, ಜಾಣ ಹುಡುಗಿ ಎಂದು. ನನ್ನನ್ನು ಆ ಮನೆಯಲ್ಲಿ ಕರೆಯುತ್ತಿದ್ದದ್ದು, ಎಲೇ ಎನ್ನುವ ಹಾಗೆ, "ಗೋ" ಎಂದು ಮಾತ್ರ.

ತಂತಿಗಳೆಲ್ಲ ಕಪ್ಪು, ಒಂದೇ ನಮೂನೆ. ಗುರುತು ತಪ್ಪಬಾರದೆಂದು ಆ ರಾತ್ರಿ ಮನೆಯಲ್ಲಿ ಕಸ್ತೂರಿಗೆ ಟಿಕಳಿಯ ಉಪಾಯ ಹೊಳೆಯಿತು. ತಂತಿಯ ತುದಿಗೊಂದು, ಅದು ಸೇರುವ ತೂತಿನ ಪಕ್ಕಕ್ಕೆ ಅದೇ ಬಣ್ಣದ್ದೊಂದು. "ಅಕ್ಕಾ, ಒಂದು ಹೊಸ ಪಾಕೀಟ ಕೊಡ" ಎಂದಳು. ಮಾರುವ ಚೀಲ ಪಕ್ಕದಲ್ಲೇ ಇತ್ತು. "ಮಾರೋ ಸಾಮಾನ ಒಡ್ಯಾಂಗಿಲ್ಲ. ಕನ್ನಡಿ ಮ್ಯಾಲಿನ್ವು ತಗೋ" ಎಂದೆ. ಅವಳು ಮರುಮಾತಿಲ್ಲದೆ ಕನ್ನಡಿಯ ಅಂಚಿನಿಂದ ನಾವು ಹಚ್ಚಿ ಹಚ್ಚಿ ಬಿಟ್ಟ ಟಿಕಳಿಗಳನ್ನು ಒಂದೊಂದಾಗಿ ಕಿತ್ತುಕೊಂಡಳು. ಕೂಡಿಸುವ ದಿನ ನನಗೂ ತೋರಿಸಿಕೊಟ್ಟಳು. ನಾನು ಕೇಳಿರಲಿಲ್ಲ, ಅವಳಿಗೆ ಯಾರಿಗಾದರೂ ಹೇಳದಿದ್ದರೆ ಸಮಾಧಾನವಿಲ್ಲ.

"ಕೆಂಪು ನಡುವಿನ ಪೆಟ್ಟಿಗಿದು. ಮಾತು, ಹಾಡು ಎಲ್ಲಾ ಅದರಾಗಿಂದ ಬರತಾವು. ಹಸರು ಆ ಮೂಲ್ಯಾಗಿನ ದೊಡ್ಡ ಪೆಟ್ಟಿಗಿದು, ಅದು ಬರೇ ಡೊಳ್ಳು. ಗುಂ ಗುಂ ಅನ್ನೋದು ಬಿಟ್ರ ಅದಕ್ಕ ಏನೂ ಬರಾಂಗಿಲ್ಲ, ನಮ್ಮ ಸೋದರಮಾವ ಇದ್ದಂಗ."

ಇಬ್ಬರೂ ನಕ್ಕೆವು. ಹಾಗಾಗಿ, ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಎರಡೂ ಪ್ಲೇಯರ್ ಹಾಡಿದವು, ಎಲ್ಲರೂ ಮೆಚ್ಚಿದರು. ಮರುದಿನ ಮಾಂಯಿಯ ಹುಟ್ಟುಹಬ್ಬ. ಹಡಗಿನ ತಮ್ಮ ಒಂದು ಗುಟ್ಟು ಇಟ್ಟುಕೊಂಡಿದ್ದ. ತೀರಿಹೋದ ಅವರ ತಂದೆ ಹಾಡಿದ ಹಳೆಯ ಕ್ಯಾಸೆಟ್ಟನ್ನು ಹೊರದೇಶದಲ್ಲಿ ಯಾರಿಂದಲೋ ಡಿಸ್ಕ್ ಮಾಡಿಸಿದ್ದ. ಸುತ್ತಲೂ ಹೊಸದಾಗಿ ಪಿಟೀಲು ಸೇರಿಸಿ, ನಡುವೆ ತಂದೆಯ ದನಿ ಮಾತ್ರ ಬರುವ ಹಾಗೆ. ತಾಯಿಯನ್ನು ಹಾಲಿನ ನಡುವೆ ಕೂರಿಸಿ ಅದನ್ನು ಕೇಳಿಸಬೇಕು. ಅಲ್ಲಿಯ ತನಕ ಡಿಸ್ಕು ಅವನ ಪೆಟ್ಟಿಗೆಯಲ್ಲಿ ಭದ್ರ.

ಹುಟ್ಟುಹಬ್ಬದ ದಿನ ಮೇಜು ಹಾಕಲು ಕಪಾಟು ಸರಿಸಬೇಕಾಯಿತು. ಕಸ್ತೂರಿಯನ್ನು ಕರೆಸಿದರು. ಅವಳು ಸ್ವಿಚ್ ಪೆಟ್ಟಿಗೆಯ ಕಡೆಯ ತುದಿಗಳನ್ನೆಲ್ಲ ಕಿತ್ತಳು. ಹಾಡಿನ ಪ್ಲೇಯರಿನ ತಂತಿಗಳ ಗೊಂಚಲನ್ನು ನನ್ನ ಕೈಗೆ ಕೊಟ್ಟು, "ಹಿಂಗ ಹಿಡಕೊಂಡು ನಿಂದ್ರಕ್ಕಾ" ಎಂದು ಕಪಾಟಿಗೆ ಕೈಹಚ್ಚಲು ಹೋದಳು. ಸಮುದ್ರದ ಹಸಿ ಗಾಳಿ, ನನ್ನ ಕೈಯ ಬೆವರು, ಸತ್ತ ಅಂಟು. ಗೊಂಚಲು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಾಗ ಎರಡು ಟಿಕಳಿ ಅಂಗೈಯಲ್ಲಿ ಉಳಿದವು. ಒಂದು ಕೆಂಪು, ಒಂದು ಹಸಿರು.

ಅದೇ ಹೊತ್ತಿಗೆ ಇನಾಸ್ ಬಾಬ್ ಕಸ್ತೂರಿಯನ್ನು ನೆಂಟರಿಗೆ ತೋರಿಸಿ ಏನೋ ಹೇಳಿದರು, ನೆಂಟರು ತಲೆದೂಗಿದರು. ನಾನು ಎರಡು ಟಿಕಳಿಯನ್ನೂ ಮತ್ತೆ ಅಂಟಿಸಿದೆ, ಅದರದು ಇದಕ್ಕೆ, ಇದರದು ಅದಕ್ಕೆ. ಕೈ ತಪ್ಪಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಯಾವ ತುದಿಯಿಂದ ಯಾವುದು ಬಿದ್ದದ್ದೆಂದು ಕೈಗೆ ಗೊತ್ತಿತ್ತು.

ಕಸ್ತೂರಿ ಬಣ್ಣಕ್ಕೆ ಬಣ್ಣ ನೋಡಿ ಕೂಡಿಸಿದಳು. ಸಿನಿಮಾದ ಪ್ಲೇಯರ್ ಹಚ್ಚಿ ನೋಡಿದಳು, ಸರಿ ಇತ್ತು. ಇನ್ನೊಂದನ್ನೂ ನೋಡುತ್ತೇನೆ ಎನ್ನುವಷ್ಟರಲ್ಲಿ ಇನಾಸ್ ಬಾಬ್ ಹೆಂಡತಿ ಹೂದಾನಿ ಹಿಡಿದು ಬಂದು, "ಪುರೊ, ಪುರೊ" ಎಂದರು, ಸಾಕು ಎಂದು. ಜನ ಬರತೊಡಗಿದ್ದರು.

ಊಟಕ್ಕೆ ಮುಂಚೆ ಮಾಂಯಿಯನ್ನು ನಡುವೆ ಕೂರಿಸಿದರು. ಅಪ್ಪ ಹಾಡಿದ್ದು ಕೇಳು ಎನ್ನುತ್ತ ಹಡಗಿನ ತಮ್ಮ ಡಿಸ್ಕು ಹಾಕಿದ.  ಪಿಟೀಲು ಶುರುವಾಯಿತು, ನಾಲ್ಕೂ ಮೂಲೆಯಿಂದ, ಎಷ್ಟು ಚೆಂದ ಅಂತೀರಿ. ಆಮೇಲೆ ಹಾಡು ಬರಬೇಕು. ಬರಲಿಲ್ಲ. ಮೂಲೆಯ ದೊಡ್ಡ ಪೆಟ್ಟಿಗೆ ಮಾತ್ರ ಗುಂ, ಗುಂ ಎಂದು ನರಳಿತು, ಬಾಯಿಗೆ ಬಟ್ಟೆ ತುರುಕಿದವರ ಹಾಗೆ. ಪಿಟೀಲು ನಿಂತು ನಿಂತು ದಾರಿ ಬಿಡುತ್ತಿತ್ತು, ಆ ದಾರಿಯಲ್ಲಿ ಯಾರೂ ಇಲ್ಲ. ಮಾಂಯ್ ಮಗನ ಮುಖ ನೋಡಿ ಕೇಳಿದಳು: "ಪಾಪಾಚೊ ಆವಾಜ್ ಖಂಯ್?" ನಿಮ್ಮಪ್ಪನ ದನಿ ಎಲ್ಲಿ, ಎಂದು.

ಕಸ್ತೂರಿ ಓಡಿ ಬಂದು ಕೂತಳು. ಒಂದೊಂದೇ ತುದಿ ಮುಟ್ಟಿ ನೋಡಿದಳು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು, ಎಲ್ಲ ಸರಿ. ತನ್ನ ಗುರುತನ್ನು ಅನುಮಾನಿಸುವುದು ಅವಳಿಗೆ ಹೊಳೆಯಲೇ ಇಲ್ಲ. ನಮ್ಮ ಮನೆಯ ಟಿಕಳಿ, ಅವಳದೇ ಕೈ, ಅಕ್ಕ ಹಿಡಿದುಕೊಂಡಿದ್ದ ಗೊಂಚಲು. ಸ್ವಿಚ್ ಪೆಟ್ಟಿಗೆ ಬಡಿದು ನೋಡಿದಳು, ರಿಸೀವರ್ ಆರಿಸಿ ಹಚ್ಚಿದಳು. ಒಮ್ಮೆ ತಿರುಗಿ ನನ್ನ ಕಡೆ ನೋಡಿ, "ಬಣ್ಣ ಎಲ್ಲಾ ಬರೋಬರಿ ಅದಾವಲ್ಲಕ್ಕಾ?" ಎಂದಳು. ನಾನು ತಲೆಯಾಡಿಸಿದೆ. ಹೌದು ಎಂದು.

ಸ್ವಲ್ಪ ಹೊತ್ತಿನ ಮೇಲೆ ಇನಾಸ್ ಬಾಬ್, "ಇರಲಿ ಬಿಡಮ್ಮ, ಆರಿಸಿಬಿಡು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಹಿಂದಿನ ಬಾಗಿಲಿನಿಂದ ಹೊರಗೆ ಬಂದಳು. ಮುಂದಿನ ಬಾಗಿಲಲ್ಲಿ ನೆಂಟರಿದ್ದರು.

ಕೆಲವು ದಿನಗಳ ಮೇಲೆ ಪಣಜಿಯಿಂದ ಯಾರೋ ಬಂದು, ಎರಡು ತುದಿ ಅದಲುಬದಲಾಗಿದ್ದನ್ನು ಕಂಡುಹಿಡಿದು ಸರಿಮಾಡಿದರು. ಮಾಂಯ್ ಗಂಡನ ಹಾಡು ಕೇಳಿದಳು, ಮತ್ತೆ ಮತ್ತೆ ಹಾಕಿಸಿಕೊಂಡಳು. ಆ ದನಿ ಪಾತ್ರೆ ತೊಳೆಯುವ ಕಲ್ಲಿನ ತನಕ ಬರುತ್ತಿತ್ತು. ಇನಾಸ್ ಬಾಬ್ ಹಿಂದಿನ ಬಾಗಿಲಿಗೆ ಬಂದು ಮೆತ್ತಗೆ ಹೇಳಿದರು: "ನಿನ್ನ ತಂಗಿಗೆ ಕೆಂಪು ಹಸಿರು ಅದಲುಬದಲು ಕಾಣುತ್ತದೇನೋ. ಕೆಲವರ ಕಣ್ಣು ಹಾಗಿರುತ್ತದೆ, ಅವಳ ತಪ್ಪಲ್ಲ."

ಆ ಮಾತನ್ನು ನಾನು ಬಿಸಿ ಬಿಸಿಯಾಗಿ ಮನೆಗೆ ಒಯ್ದೆ. ಕಸ್ತೂರಿ ಎದ್ದು ಕನ್ನಡಿಯ ಹತ್ತಿರ ಹೋಗಿ ಅಂಚಿನ ಮೇಲೆ ಉಳಿದಿದ್ದ ಒಂದು ಟಿಕಳಿಯ ಮೇಲೆ ಬೆರಳಿಟ್ಟಳು.

"ಇದು ಯಾವ ಬಣ್ಣ ಅಕ್ಕಾ?"

"ಕೆಂಪು."

"ನನಗೂ ಕೆಂಪ ಕಾಣತೈತಿ."

"ಹಂಗ ಅನಸತಿರತೈತಿ" ಎಂದೆ.

ಟಿಕಳಿ ಅದಲುಬದಲು ಮಾಡಿದ್ದಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಸುಡುತ್ತದೆ. ಟಿಕಳಿಗೆ ಒಂದು ಗಳಿಗೆ ಸಾಕಾಯಿತು, ಈ ಮಾತು ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿತು. ಅವಳು ಅಂಗಡಿ ಬಿಟ್ಟಳು. ತಂತಿ ಮುಟ್ಟುವುದನ್ನೇ ಬಿಟ್ಟಳು. ಅಪ್ಪ ರೇಡಿಯೋದ ಸುದ್ದಿ ಎತ್ತುವುದನ್ನು ಬಿಟ್ಟ. ನನಗೆ ಸಮಾಧಾನವಾಗಬೇಕಿತ್ತು. ಅಪ್ಪ ಆಗಲೂ ನನ್ನ ಸುದ್ದಿ ಎತ್ತಲಿಲ್ಲ. ಕನ್ಯೆ ನೋಡಲು ಬಂದ ಸಾವರ್ಡೆಯ ಟ್ರಕ್ ಡ್ರೈವರನಿಗೆ ಅವಳು ಮೊದಲೇ ಹೇಳಿದಳು: "ನನಗ ಬಣ್ಣ ತಿಳಿಯಾಂಗಿಲ್ರಿ." ಅವನು ನಕ್ಕು, "ಸಿಗ್ನಲ್ ನೋಡಾಂವ ನಾ, ನೀ ಅಲ್ಲೇಳು" ಎಂದ. ಒಳ್ಳೆಯ ಮನುಷ್ಯ. ಅದಕ್ಕೂ ನನಗೆ ಹೊಟ್ಟೆ ಉರಿಯಿತು ಎಂದರೆ ನಂಬಿ. ಅವಳ ಕಣ್ಣಿಗೆ ಬಣ್ಣ ಕಾಣುತ್ತದೆ, ಕಂಡದ್ದನ್ನು ಅವಳು ನಂಬುವುದಿಲ್ಲ, ಅಷ್ಟೇ. ಸೀರೆ ಕೊಳ್ಳುವಾಗ, ಮೆಣಸಿನಕಾಯಿ ಆರಿಸುವಾಗ, ಪಕ್ಕದಲ್ಲಿ ಯಾರಿದ್ದರೂ ಕೇಳುತ್ತಾಳೆ. ನಾನಿದ್ದರೆ ನನ್ನನ್ನು.

ಫೋನು ಬಂದ ಮರುದಿನ ಸಾವರ್ಡೆಗೆ ಹೋದೆ. ಅಲ್ಲಿಯ ಪೇಟೆಯ ಬಳೆಗಾರ ಬೆಳಗಾವಿ ಕಡೆಯವನು, ಮಾತಿನ ಮಲ್ಲ. "ಬರ್ರಿ ಅಕ್ಕಾರ, ಮೊಮ್ಮಗನ ಬಳಿ ಅಂದ್ರ ಚೌಕಾಶಿ ಮಾಡಬಾರದ್ರಿ" ಎಂದು ಒಂದು ಹಸಿರು, ಒಂದು ಕೆಂಪು, ಎರಡು ಕಟ್ಟು ಮುಂದಿಟ್ಟ. ಕಸ್ತೂರಿ ನೇರ ಹಸಿರಿಗೇ ಕೈ ಹಾಕಿದಳು. ಅನುಮಾನವೇ ಇಲ್ಲದ ಕೈ. ಎತ್ತಿದ ಮೇಲೆ ಕೈ ನಿಂತಿತು. ಕಟ್ಟನ್ನು ನನ್ನ ಮುಖದ ಹತ್ತಿರ ತಂದು, ಸಣ್ಣ ದನಿಯಲ್ಲಿ, ಬಳೆಗಾರನಿಗೆ ಕೇಳದ ಹಾಗೆ:

"ಅಕ್ಕಾ, ಇದು ಹಸರ ಹೌದಲ್ಲ ನೋಡ?"

ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಇಷ್ಟು ವರ್ಷ ಅದನ್ನೇ ಮಾಡಿದ್ದೆ.  ಈ ಸಲ ಬಾಯಿ ಬಿಟ್ಟೆ.

"ಹಸರ ಐತಿ. ನಿನಗೂ ಹಸರ ಕಂಡೈತಿ."

"ನನಗ ಕಂಡಿದ್ದು ಬಿಡಕ್ಕಾ..."

"ಬಿಡಾಂಗಿಲ್ಲ. ನಿನ್ನ ಕಣ್ಣು ಅವತ್ತೂ ಚಲೋ ಇದ್ವು, ಇವತ್ತೂ ಚಲೋ ಅದಾವು. ಇನಾಸ್ ಬಾಬ್ ಮನ್ಯಾಗ ಟಿಕಳಿ ಎರಡು ನನ್ನ ಕೈಗೆ ಅಂಟಿದ್ವು. ಕೆಂಪಿನ ಜಾಗಾಕ್ಕ ಹಸರ ಹಚ್ಚಿದಾಕಿ ನಾನು. ಗೊತ್ತಿದ್ದ ಹಚ್ಚಿದೆ."

 ಕಸ್ತೂರಿ ಬಳೆಯ ಕಟ್ಟನ್ನು ಕೆಳಗಿಡಲಿಲ್ಲ. ಅದನ್ನೇ ನೋಡುತ್ತಿದ್ದಳು, ಬಹಳ ದಿನದ ಮೇಲೆ ಸಿಕ್ಕವರನ್ನು ನೋಡುವ ಹಾಗೆ.

"ಯಾಕಕ್ಕಾ?" ಎಂದಳು.

"ಅಪ್ಪ ಯಾವಾಗ್ಲೂ ನಿನ್ನ ಹೆಸರ ಹೇಳ್ತಿದ್ದ. ನನಗ ಹೊಟ್ಟಿಕಿಚ್ಚು. ಬ್ಯಾರೆ ಏನೂ ಇಲ್ಲ. ನೀ ತಿರುಗಿ ನೋಡಿ ಕೇಳಿದಿ, ಅವಾಗರ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತ ಕಸ್ತೂರಿ. ನಂದ ತಪ್ಪು, ನಿನ್ನ ಕಣ್ಣಿಂದಲ್ಲ. ತಪ್ಪಾತವಾ."